ಆಚೆ ಈಚೆ ಸಮ ಆಗದ ಹಾಗೆ: ಕೋಶಪೊರೆಯ ಬಗ್ಗೆ ಮೈಸೂರಿನಲ್ಲಿ ಆಡಿದ ಮಾತು

ಮೇಜಿನ ಮೇಲೆ ಎರಡು ಗಾಜಿನ ಲೋಟ ಇವೆ. ಎರಡಕ್ಕೂ ಬೀಟ್‌ರೂಟ್ ಹೋಳು ಹಾಕಿದ್ದೇನೆ. ಎಡಗಡೆಯದಕ್ಕೆ ನಲ್ಲಿ ನೀರು. ಬಲಗಡೆಯದಕ್ಕೆ ಕುದಿಯುವ ನೀರು ಹುಯ್ದಿದ್ದೆ, ಈಗ ಆರಿದೆ. ಬಲಗಡೆ ನೀರು ಕಡು ಕೆಂಪಾಗಿರುವುದು ಹಿಂದಿನ ಸಾಲಿನವರಿಗೂ ಕಾಣುತ್ತಿದೆ ಅಂದುಕೊಂಡಿದ್ದೇನೆ. ಎಡಗಡೆ ತೆಳು ಗುಲಾಬಿ, ಅಷ್ಟೇ. ಅದೂ ಹೆಚ್ಚುವಾಗ ಚಾಕು ತಾಗಿ ಹರಿದ ಕೋಶಗಳಿಂದ ಬಂದ ಬಣ್ಣ. ಇನ್ನೊಂದು ಗಂಟೆ ಬಿಟ್ಟರೂ ಹೆಚ್ಚೇನೂ ಬದಲಾಗುವುದಿಲ್ಲ.

ಈಗ ಯೋಚನೆ ಮಾಡಿ. ಈ ಬಣ್ಣ ನೀರಿನಲ್ಲಿ ಚೆನ್ನಾಗಿ ಕರಗುವಂಥದ್ದು. ಹೋಳಿನ ಒಳಗೂ ನೀರೇ, ಹೊರಗೂ ನೀರೇ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ಹರಡಿಕೊಳ್ಳಬೇಕಿತ್ತು, ಶಾಲೆಯಲ್ಲಿ ವಿಸರಣೆ ಅಂತ ಓದಿದ್ದೀರಲ್ಲ, ಅದೇ. ಆದರೆ ತಣ್ಣೀರಿನ ಲೋಟದಲ್ಲಿ ಹಾಗೆ ಆಗಲಿಲ್ಲ. ಏನೋ ತಡೆದು ನಿಲ್ಲಿಸಿದೆ. ಬಿಸಿ ತಾಗಿದ ಕೂಡಲೇ ಆ ತಡೆ ಹೋಗಿಬಿಟ್ಟಿದೆ.

ಆ ತಡೆಯೇ ಪೊರೆ. ಬೀಟ್‌ರೂಟಿನಲ್ಲಿ ಬಣ್ಣ ಇರುವುದು ಕೋಶದೊಳಗಿನ ರಸದಾನಿಯಲ್ಲಿ, ಅಂದರೆ ರಸ ತುಂಬಿದ ಚೀಲದಲ್ಲಿ. ರಸದಾನಿಗೆ ಒಂದು ಪೊರೆ, ಅದರಾಚೆ ಕೋಶಕ್ಕೇ ಒಂದು ಪೊರೆ. ದಪ್ಪ ಸುಮಾರು 5 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಐದು ಭಾಗ ತೆಗೆದುಕೊಳ್ಳಿ. ಇಂಥ ಪೊರೆಗಳನ್ನು ಒಂದರ ಮೇಲೊಂದು ಹತ್ತು ಹದಿನೈದು ಸಾವಿರ ಪೇರಿಸಿದರೆ ಒಂದು ತಲೆಗೂದಲಿನ ದಪ್ಪಕ್ಕೆ ಬರಬಹುದು. ಅಷ್ಟು ತೆಳುವಾದದ್ದು ಇಷ್ಟು ಬಣ್ಣವನ್ನು ಹಿಡಿದು ನಿಲ್ಲಿಸಿದೆ.

ಪಾಠಪುಸ್ತಕಗಳಲ್ಲಿ ಇದನ್ನು ಕೋಶದ ಸುತ್ತ ಒಂದು ಗೆರೆ ಎಳೆದು ತೋರಿಸಿ, ಎರಡು ಅಂಕದ ಪ್ರಶ್ನೆ ಮಾಡಿ ಮುಗಿಸುತ್ತಾರೆ. ಕೋಶಕೇಂದ್ರ, ಡಿಎನ್‌ಎಗೆ ಸಿಗುವ ಮರ್ಯಾದೆ ಪೊರೆಗೆ ಸಿಗುವುದಿಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಯಾಕೆಂದರೆ ಜೀವ ನಡೆಯುವುದೇ ಪೊರೆಯ ಆಚೆ ಒಂದು ಥರ, ಈಚೆ ಒಂದು ಥರ ಇರುವುದರಿಂದ. ಎರಡೂ ಕಡೆ ಸಮ ಆಯಿತೋ, ಆ ಕೋಶದ ಕಥೆ ಮುಗಿಯಿತು. ಇವತ್ತು ನಾನು ಹೇಳುವುದೆಲ್ಲ ಇದೊಂದರ ಸುತ್ತವೇ.

ಇಷ್ಟು ತೆಳು ವಸ್ತುವನ್ನು ಕಣ್ಣಿಗೆ ಕಾಣದ ಕಾಲದಲ್ಲೇ ಜನ ಹೇಗೆ ಕಂಡುಹಿಡಿದರು ಅನ್ನುವುದು ಒಂದು ಚಂದದ ಕಥೆ. 1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಓವರ್ಟನ್ ಅನ್ನುವವರು ಗಿಡದ ಬೇರಿನ ರೋಮದಂಥ ಕೋಶಗಳನ್ನು ಬೇರೆ ಬೇರೆ ದ್ರಾವಣಗಳಲ್ಲಿ ಇಟ್ಟು ಯಾವುದು ಒಳಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ತಾಳ್ಮೆಯಿಂದ ನೋಡುತ್ತಾ ಹೋದರು. ಈಥರ್, ಕ್ಲೋರೊಫಾರಂ ಥರದವು ಸಲೀಸಾಗಿ ಹೋದವು. ಸಕ್ಕರೆ ಹೊರಗೇ ಉಳಿಯಿತು. ಎಣ್ಣೆಯಲ್ಲಿ ಚೆನ್ನಾಗಿ ಕರಗುವುದು ಬೇಗ ಒಳಗೆ ಹೋಗುತ್ತದೆ, ಹಾಗಾದರೆ ಕೋಶದ ಅಂಚಿನಲ್ಲಿ ಜಿಡ್ಡಿನಂಥ ವಸ್ತು ಇರಬೇಕು ಅಂತ ಅವರು ತೀರ್ಮಾನಿಸಿದರು.

ಜಿಡ್ಡು ಸರಿ, ಎಷ್ಟು ಪದರ? ಅದನ್ನು ಹೇಳಿದವರು 1925ರಲ್ಲಿ ಹಾಲೆಂಡಿನ ಲೈಡನ್‌ನ ಗಾರ್ಟರ್ ಮತ್ತು ಗ್ರೆಂಡೆಲ್. ಅವರು ಆರಿಸಿಕೊಂಡದ್ದು ಕೆಂಪು ರಕ್ತಕಣ. ಜಾಣತನ ಇರುವುದು ಇಲ್ಲೇ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಒಳಗೆ ಬೇರೆ ಪೊರೆಗಳೂ ಇಲ್ಲ. ಅದರಿಂದ ಜಿಡ್ಡು ತೆಗೆದರೆ ಅದೆಲ್ಲ ಹೊರಪೊರೆಯದ್ದೇ. ಆ ಜಿಡ್ಡನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಕಣಗಳ ಒಟ್ಟು ಮೇಲ್ಮೈಯ ಎರಡರಷ್ಟು ಬಂತು. ಅಂದರೆ ಎರಡು ಪದರ. ಆಮೇಲೆ ಬೇರೆಯವರು ಇದನ್ನೇ ಮತ್ತೆ ಮಾಡಿ ನೋಡಿದಾಗ ಗೊತ್ತಾಯಿತು, ಇವರು ಜಿಡ್ಡನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿಯಾಗಿತ್ತು! ಇದಕ್ಕೆ ಎಷ್ಟು ಅಂಕ ಕೊಡಬೇಕು ಅಂತ ಇಲ್ಲಿ ಕೂತಿರುವ ಮೇಷ್ಟ್ರುಗಳು ಹೇಳಬೇಕು.

ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಈ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನೀರಿನ ಮೇಲೆ ಜಿಡ್ಡು ಹರಡಿ ಅಳೆಯುವ ತೊಟ್ಟಿಯ ವಿಧಾನವನ್ನು ಮೊದಲು ರೂಪಿಸಿದವರು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದ ಕಾಲ. ಮನೆಯವರ ಆರೈಕೆ, ಅಡುಗೆ ನೋಡಿಕೊಳ್ಳುತ್ತಲೇ ಅಡುಗೆಮನೆಯಲ್ಲಿ ತಗಡಿನ ತೊಟ್ಟಿಯೊಂದರಲ್ಲಿ ಪ್ರಯೋಗ ಮಾಡಿದರು. ಫಲಿತಾಂಶ ಬರೆದು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಗೆ ಕಾಗದ ಹಾಕಿದರು. ರೇಲಿ ದೊಡ್ಡ ಮನಸ್ಸಿನವರು, ಅದನ್ನು 1891ರಲ್ಲಿ ನೇಚರ್ ಪತ್ರಿಕೆಯಲ್ಲಿ ಆಕೆಯ ಹೆಸರಿನಲ್ಲೇ ಅಚ್ಚು ಮಾಡಿಸಿದರು. ಪೊರೆಯ ಚರಿತ್ರೆ ಬರೆಯುವವರು ಗಾರ್ಟರ್‌ನಿಂದ ಶುರು ಮಾಡುತ್ತಾರೆ, ನಾನು ಈ ಅಡುಗೆಮನೆಯಿಂದ ಶುರು ಮಾಡಬೇಕು ಅನ್ನುವವನು.

ಸರಿ, ಎರಡು ಪದರಕ್ಕೆ ಬರೋಣ. ಪೊರೆ ಆಗಿರುವುದು ಮುಖ್ಯವಾಗಿ ಫಾಸ್ಫೊಲಿಪಿಡ್ ಅನ್ನುವ ಅಣುಗಳಿಂದ. ಪ್ರತಿಯೊಂದಕ್ಕೂ ಒಂದು ತಲೆ, ಎರಡು ಬಾಲ. ತಲೆಯಲ್ಲಿ ವಿದ್ಯುದಂಶ ಇದೆ, ನೀರಿನ ಜೊತೆ ಹೊಂದಿಕೊಳ್ಳುತ್ತದೆ. ಬಾಲ ಅಂದರೆ ಇಂಗಾಲ, ಹೈಡ್ರೋಜನ್‌ಗಳ ಉದ್ದ ಸರಪಳಿ, ನೀವು ಒಗ್ಗರಣೆಗೆ ಹಾಕುವ ಎಣ್ಣೆಯಲ್ಲಿ ಇರುವಂಥದ್ದೇ. ಬಾಲಕ್ಕೆ ನೀರು ಕಂಡರೆ ಆಗುವುದಿಲ್ಲ ಅಂತ ಸುಲಭಕ್ಕೆ ಹೇಳುತ್ತೇವೆ. ನಿಜ ಹೇಳಬೇಕೆಂದರೆ ಹಟ ಇರುವುದು ನೀರಿನದು. ನೀರಿನ ಅಣುಗಳು ಅಕ್ಕಪಕ್ಕದವುಗಳ ಕೈ ಹಿಡಿಯುತ್ತಾ ಬಿಡುತ್ತಾ ಸದಾ ಓಡಾಡಿಕೊಂಡಿರುತ್ತವೆ. ಎಣ್ಣೆಯ ಬಾಲ ನಡುವೆ ಬಂದರೆ ಅದರ ಸುತ್ತ ಇರುವ ನೀರಿನ ಅಣುಗಳಿಗೆ ಆ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಅದಕ್ಕೇ ಬಾಲಗಳೆಲ್ಲ ಒಟ್ಟಿಗೆ ಒಂದು ಕಡೆ ಸೇರಬೇಕಾಗುತ್ತದೆ. ತಲೆಗಳು ನೀರಿನ ಕಡೆ, ಬಾಲಗಳು ಒಳಗಡೆ ಎದುರುಬದುರು. ಆಯಿತಲ್ಲ ಎರಡು ಪದರ! ಈ ಹಾಳೆಗೆ ಅಂಚು ಇದ್ದರೆ ಅಲ್ಲಿ ಬಾಲ ನೀರಿಗೆ ತಾಗುತ್ತದೆ, ಅದೂ ಆಗಬಾರದು, ಹಾಗಾಗಿ ಹಾಳೆ ತಾನೇ ಮುಚ್ಚಿಕೊಂಡು ಗುಂಡಗಾಗುತ್ತದೆ. ಸಣ್ಣ ತೂತು ಬಿದ್ದರೂ ಅದೇ ಕಾರಣಕ್ಕೆ ಕೂಡಿಕೊಳ್ಳುತ್ತದೆ. ಯಾರೂ ಕಟ್ಟಬೇಕಾಗಿಲ್ಲ, ಅಂಟಿಸಬೇಕಾಗಿಲ್ಲ. 1960ರ ದಶಕದಲ್ಲಿ ಕೇಂಬ್ರಿಜ್ ಹತ್ತಿರ ಅಲೆಕ್ ಬ್ಯಾಂಗಮ್ ಬರೀ ಲಿಪಿಡ್ (ಇಂಥ ಜಿಡ್ಡಿನ ಅಣು) ಮತ್ತು ನೀರು ಸೇರಿಸಿ ಇಂಥ ಪುಟಾಣಿ ಗುಳ್ಳೆಗಳನ್ನು ತೋರಿಸಿದರು. ಲೈಪೊಸೋಮ್ ಅಂತ ಅವಕ್ಕೆ ಹೆಸರು.

ಹಾಗಂತ ಕೋಶಗಳು ಪ್ರತಿ ಸಲ ಹೊಸದಾಗಿ ಪೊರೆ ಹುಟ್ಟಿಸುವುದಿಲ್ಲ. ಇರುವ ಪೊರೆಗೇ ಹೊಸ ಲಿಪಿಡ್ ಸೇರಿಸಿ ಬೆಳೆಸುತ್ತವೆ, ಆಮೇಲೆ ಎರಡಾಗುತ್ತವೆ. ನಿಮ್ಮ ಮೈಯಲ್ಲಿರುವ ಪ್ರತಿ ಪೊರೆಯೂ ನಿಮ್ಮ ತಾಯಿಯ ಅಂಡಾಣುವಿನ ಪೊರೆಯ ಮುಂದುವರಿಕೆ. ವಂಶಪಾರಂಪರ್ಯ ಅಂದ ಕೂಡಲೇ ಎಲ್ಲರೂ ಡಿಎನ್‌ಎ ಅನ್ನುತ್ತಾರೆ, ಇದನ್ನು ಮರೆಯುತ್ತಾರೆ.

ಸೋಪಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೋಪಿನ ಅಣುವಿಗೂ ತಲೆ ಬಾಲ ಇದೆ, ಆದರೆ ಬಾಲ ಒಂದೇ. ತಲೆ ಅಗಲ, ಬಾಲ ಸಣ್ಣ ಆದ್ದರಿಂದ ಅವು ಸೇರಿದರೆ ಹಾಳೆ ಆಗುವುದಿಲ್ಲ, ಪುಟ್ಟ ಪುಟ್ಟ ಉಂಡೆಗಳಾಗುತ್ತವೆ. ಪೊರೆಯೊಳಗೆ ನುಗ್ಗಿ ಲಿಪಿಡ್‌ಗಳನ್ನು ಆ ಉಂಡೆಗಳಲ್ಲಿ ಎಳೆದುಕೊಂಡು ಹೋಗುತ್ತವೆ. ಕೊರೊನಾ ವೈರಸ್ಸಿನ ಹೊರಕವಚ ಇಂಥದ್ದೇ ಲಿಪಿಡ್ ಪೊರೆ, ನಮ್ಮ ಕೋಶಗಳಿಂದಲೇ ಕದ್ದದ್ದು. ಕೈ ತೊಳೆಯಿರಿ ತೊಳೆಯಿರಿ ಅಂತ ಆಗ ಬಡಕೊಂಡದ್ದು ಅದಕ್ಕೇ. ಗಂಧದ ಸೋಪಾದರೂ ಅಷ್ಟೇ, ಬಟ್ಟೆ ಸೋಪಾದರೂ ಅಷ್ಟೇ, ಪೊರೆ ಒಡೆಯುವ ವಿಷಯದಲ್ಲಿ ಪರಿಮಳಕ್ಕೆ ಕೆಲಸ ಇಲ್ಲ.

ಈಗ ಪೊರೆಯ ನಡವಳಿಕೆಗೆ ಬರೋಣ. ಅದು ಗಟ್ಟಿಯಾಗಿ ನಿಂತಿರುವ ವಸ್ತು ಅಂತ ತುಂಬಾ ವರ್ಷ ಅಂದುಕೊಂಡಿದ್ದರು. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಅನ್ನುವ ಇಬ್ಬರು ಅಮೆರಿಕದಲ್ಲಿ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಒಂದಕ್ಕೊಂದು ಸೇರಿಸಿ ಒಂದೇ ಕೋಶ ಮಾಡಿದರು. ಇಲಿಯ ಪೊರೆಯ ಪ್ರೋಟೀನಿಗೆ ಒಂದು ಬಣ್ಣ, ಮನುಷ್ಯನದಕ್ಕೆ ಇನ್ನೊಂದು. ಶುರುವಿನಲ್ಲಿ ಅರ್ಧ ಹಸಿರು, ಅರ್ಧ ಕೆಂಪು. ಮೈಯ ಬಿಸಿಯಲ್ಲಿ ಇಟ್ಟಾಗ ಸುಮಾರು 40 ನಿಮಿಷಕ್ಕೆ ಎರಡೂ ಬಣ್ಣ ಪೂರ್ತಿ ಬೆರೆತು ಹೋಗಿದ್ದವು. ತಣ್ಣಗೆ ಇಟ್ಟಾಗ ಬೆರೆಯಲಿಲ್ಲ. ಅಂದರೆ ಪ್ರೋಟೀನುಗಳು ಪೊರೆಯಲ್ಲಿ ತೇಲಾಡಿಕೊಂಡು ಇರುತ್ತವೆ. ಇದನ್ನೆಲ್ಲ ಸೇರಿಸಿ 1972ರಲ್ಲಿ ಸಿಂಗರ್ ಮತ್ತು ನಿಕೊಲ್ಸನ್ ಕೊಟ್ಟ ಚಿತ್ರವನ್ನೇ ಇವತ್ತಿಗೂ ಪಾಠ ಮಾಡುತ್ತಾರೆ: ದ್ರವದಂಥ ಲಿಪಿಡ್, ಅದರಲ್ಲಿ ಅಲ್ಲಲ್ಲಿ ಪ್ರೋಟೀನ್. ಅಲ್ಲಲ್ಲಿ ಅನ್ನುವುದು ಮಾತ್ರ ಈಗ ಒಪ್ಪುವ ಮಾತಲ್ಲ. ಸಾಧಾರಣ ಪೊರೆಯ ತೂಕದಲ್ಲಿ ಸುಮಾರು ಅರ್ಧ ಪ್ರೋಟೀನೇ, ಸಿಕ್ಕಾಪಟ್ಟೆ ಇಕ್ಕಟ್ಟು.

ಲಿಪಿಡ್‌ಗಳು ಪಕ್ಕಕ್ಕೆ ಸರಿಯುವುದು ಬಹಳ ಬೇಗ. ಸೆಕೆಂಡಿಗೆ ಸುಮಾರು ಎರಡು ಮೈಕ್ರೊಮೀಟರ್, ಅಂದರೆ ಒಂದು ಬ್ಯಾಕ್ಟೀರಿಯಾದ ಈ ತುದಿಯಿಂದ ಆ ತುದಿಗೆ. ಆದರೆ ಮೇಲಿನ ಪದರದ್ದು ತಾನಾಗಿ ಕೆಳಗಿನ ಪದರಕ್ಕೆ ಮಗುಚಿಕೊಳ್ಳುವುದು ತೀರಾ ಅಪರೂಪ, ಗಂಟೆಗಳು, ದಿನಗಳು ಬೇಕು. ತಲೆ ಎಣ್ಣೆಯ ನಡುವೆ ತೂರಬೇಕಲ್ಲ, ಅದಕ್ಕೆ. ಹಾಗಾಗಿ ಎರಡು ಪದರಗಳೂ ಬೇರೆ ಬೇರೆ ಥರ ಇರಬಹುದು, ಇವೆ ಕೂಡ. ಫಾಸ್ಫಟೈಡಿಲ್ ಸೆರಿನ್ ಅನ್ನುವ ಲಿಪಿಡನ್ನು ಕೋಶ ಒಳಪದರದಲ್ಲೇ ಇಟ್ಟುಕೊಳ್ಳುತ್ತದೆ, ಹೊರಗೆ ಬಂದದ್ದನ್ನು ಶಕ್ತಿ ಖರ್ಚು ಮಾಡಿ ಮತ್ತೆ ಒಳಗೆ ಹಾಕುತ್ತದೆ. ಕೋಶ ಸಾಯಲು ಹೊರಟಾಗ ಅದು ಹೊರಪದರದಲ್ಲಿ ಕಾಣಿಸಿಕೊಳ್ಳುತ್ತದೆ. ನೋಡಿದ ಕೂಡಲೇ ನಮ್ಮ ಮೈಯ ಭಕ್ಷಕ ಕೋಶಗಳು ಬಂದು ನುಂಗಿಬಿಡುತ್ತವೆ. ಒಂದು ಲಿಪಿಡ್ ಆಚೆ ಇದೆಯೋ ಈಚೆ ಇದೆಯೋ ಅನ್ನುವುದರ ಮೇಲೆ ಕೋಶದ ಸಾವು ಬದುಕು!

ಬಿಸಿ ತಣ್ಣಗೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸೆಂಬರ್‌ನಲ್ಲಿ ನಮ್ಮ ಮೈಸೂರಿನ ಮನೆಗಳಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಕಡಲೆಕಾಯಿ ಎಣ್ಣೆ ಮಾತ್ರ ಹಾಗೇ ಇರುತ್ತದೆ. ನೆಟ್ಟಗಿರುವ ಬಾಲಗಳು ಒತ್ತಾಗಿ ಜೋಡಿಸಿಕೊಂಡು ಗಟ್ಟಿಯಾಗುತ್ತವೆ. ಕಡಲೆಕಾಯಿ ಎಣ್ಣೆಯ ಹೆಚ್ಚಿನ ಬಾಲಗಳಲ್ಲಿ ಜೋಡಿಬಂಧ ಇದ್ದು ಅಲ್ಲಲ್ಲಿ ಸೊಟ್ಟ ಆಗಿರುತ್ತವೆ, ಒತ್ತಾಗಿ ಕೂರಲು ಆಗುವುದಿಲ್ಲ. ಪೊರೆಯಲ್ಲೂ ಇದೇ ರಸಾಯನಶಾಸ್ತ್ರ. ತಣ್ಣೀರಿನ ಮೀನು, ಬ್ಯಾಕ್ಟೀರಿಯಾ ಎಲ್ಲ ಚಳಿ ಬಂದರೆ ಸೊಟ್ಟ ಬಾಲದ ಲಿಪಿಡ್ ಜಾಸ್ತಿ ಮಾಡಿಕೊಂಡು ಪೊರೆಯನ್ನು ಹರಿಯುವ ಹದದಲ್ಲಿ ಇಟ್ಟುಕೊಳ್ಳುತ್ತವೆ.

ನಂಜನಗೂಡು ರಸಬಾಳೆಗೆ ಆ ಸೌಲಭ್ಯ ಇಲ್ಲ. ಬಾಳೆ ಬಿಸಿಲು ನಾಡಿನ ಗಿಡ. ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಅದರ ಪೊರೆಗಳು ಹದ ತಪ್ಪಿ ಸೋರಲು ಶುರು. ಮನೆಯ ಫ್ರಿಜ್ಜು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಸಿಪ್ಪೆಯ ಕೋಶದಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದ ಫೀನಾಲ್ ವಸ್ತುಗಳೂ ಅವನ್ನು ಕಪ್ಪು ಮಾಡುವ ಕಿಣ್ವವೂ ಪೊರೆ ಸೋರಿದ್ದರಿಂದ ಒಂದಾಗಿಬಿಡುತ್ತವೆ. ಸಿಪ್ಪೆ ಕಪ್ಪು. ಒಳಗಿನ ಹಣ್ಣು ಎಷ್ಟೋ ಸಲ ಚೆನ್ನಾಗೇ ಇರುತ್ತದೆ, ಬಿಸಾಡುವ ಮುಂಚೆ ಸುಲಿದು ನೋಡಿ. ಹಣ್ಣು ತರಕಾರಿಯನ್ನು ಯಾವ ಬಿಸಿಯಲ್ಲಿ ಇಡಬೇಕು ಅನ್ನುವುದು ಇಲ್ಲೇ ಚೆಲುವಾಂಬ ಮ್ಯಾನ್ಷನ್ನಿನಲ್ಲಿರುವ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ಥರದ ಸಂಸ್ಥೆಗಳ ಕೆಲಸ, ಆ ಕೆಲಸದ ಬುಡದಲ್ಲಿ ಇರುವುದು ಪೊರೆಯೇ.

ಕೊಲೆಸ್ಟರಾಲ್ ಅಂದ ಕೂಡಲೇ ಇಲ್ಲಿ ಅರ್ಧ ಜನ ಲಿಪಿಡ್ ಪ್ರೊಫೈಲ್ ರಿಪೋರ್ಟ್ ನೆನಪಿಸಿಕೊಂಡು ಗಾಬರಿಯಾಗುತ್ತೀರಿ, ಗೊತ್ತು. ಆದರೆ ಕೊಲೆಸ್ಟರಾಲ್ ಇಲ್ಲದೆ ನಮ್ಮ ಪೊರೆ ನಡೆಯುವುದಿಲ್ಲ. ಬಾಲಗಳ ನಡುವೆ ಸೇರಿಕೊಂಡು ಬಿಸಿಯಲ್ಲಿ ತೀರಾ ಸಡಿಲ ಆಗದ ಹಾಗೆ, ಚಳಿಯಲ್ಲಿ ತೀರಾ ಗಟ್ಟಿ ಆಗದ ಹಾಗೆ ನೋಡಿಕೊಳ್ಳುತ್ತದೆ. ರಕ್ತನಾಳದಲ್ಲಿ ಅದು ಮಾಡುವ ತೊಂದರೆ ಬೇರೆ ಲೆಕ್ಕ. ಶಿಲೀಂಧ್ರಗಳಲ್ಲಿ ಇದೇ ಜಾಗದಲ್ಲಿ ಎರ್ಗೊಸ್ಟೆರಾಲ್ ಇದೆ. ಈ ಒಂದು ಸಣ್ಣ ವ್ಯತ್ಯಾಸ ಹಿಡಿದುಕೊಂಡೇ ಶಿಲೀಂಧ್ರದ ಎಷ್ಟೋ ಔಷಧಿಗಳು ಕೆಲಸ ಮಾಡುವುದು. 2021ರಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಆಂಫೊಟೆರಿಸಿನ್ ಸಿಗದೆ ಜನ ಪರದಾಡಿದ್ದು ನೆನಪಿರಬೇಕು. ಅದು ಎರ್ಗೊಸ್ಟೆರಾಲಿಗೆ ಅಂಟಿಕೊಂಡು ಶಿಲೀಂಧ್ರದ ಪೊರೆಯನ್ನು ಕೆಡಿಸುತ್ತದೆ. ನಮ್ಮ ಕಿಡ್ನಿಗೂ ತೊಂದರೆ ಕೊಡುವ ಔಷಧಿ ಅದು, ಆ ತೊಂದರೆ ಕಡಿಮೆ ಮಾಡಲು ಲೈಪೊಸೋಮಿನಲ್ಲಿ ಸೇರಿಸಿ ಕೊಡುತ್ತಾರೆ. ಪೊರೆ ಒಡೆಯುವ ಮದ್ದನ್ನು ಪೊರೆಯಲ್ಲೇ ಸುತ್ತಿ ಕೊಡುವುದು!

ಇನ್ನು ಯಾವುದು ಪೊರೆ ದಾಟುತ್ತದೆ ಅನ್ನುವ ಪ್ರಶ್ನೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಯಾರನ್ನೂ ಕೇಳದೆ ಹೋಗಿಬರುತ್ತವೆ. ಸೋಡಿಯಂ, ಪೊಟ್ಯಾಸಿಯಂ ಥರದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ತಾವಾಗಿ ದಾಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೀರು ನಡುವೆ, ದಾಟುತ್ತದೆ, ಆದರೆ ನಿಧಾನ. ಕೆಲವು ಕೋಶಗಳಲ್ಲಿ ಮಾತ್ರ ನೀರು ಬೇಗ ಬೇಗ ಓಡುತ್ತಿತ್ತು, ಹೇಗೆ ಅಂತ ತಿಳಿದಿರಲಿಲ್ಲ. ಪೀಟರ್ ಆಗ್ರೆ ರಕ್ತದ ಗುಂಪಿನ ಒಂದು ಪ್ರೋಟೀನ್ ಹುಡುಕುವಾಗ ಬೇಡದ ಪ್ರೋಟೀನ್ ಒಂದು ಪದೇ ಪದೇ ಜೊತೆಗೆ ಬಂತು. ಅದನ್ನು ಎಸೆಯದೆ, ಅದನ್ನು ತಯಾರಿಸುವ ಸೂಚನೆ ಇರುವ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗೆ ಚುಚ್ಚಿದರು. ಕಪ್ಪೆ ಮೊಟ್ಟೆ ನೀರಿನಲ್ಲೇ ಇರುವಂಥದ್ದು, ಊದಿಕೊಳ್ಳುವುದಿಲ್ಲ. ಈ ಮೊಟ್ಟೆಗಳನ್ನು ನೀರಿಗೆ ಹಾಕಿದರೆ ಊದಿ ಊದಿ ಒಡೆದವು. 1992ರ ಮಾತು. ನೀರಿಗೆ ಮಾತ್ರ ದಾರಿ ಕೊಡುವ ಕಾಲುವೆ ಅದು, ಅಕ್ವಾಪೋರಿನ್. 2003ರಲ್ಲಿ ಅವರಿಗೆ ನೊಬೆಲ್ ಬಂತು. ಜೊತೆಗೆ ಹಂಚಿಕೊಂಡವರು ರಾಡರಿಕ್ ಮೆಕಿನಾನ್, ಪೊಟ್ಯಾಸಿಯಂ ಕಾಲುವೆಯ ರಚನೆ ತೋರಿಸಿದವರು. ಪೊಟ್ಯಾಸಿಯಂ ಸೋಡಿಯಂಗಿಂತ ದೊಡ್ಡದು. ಆದರೂ ಆ ಕಾಲುವೆ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುತ್ತದೆ. ಅಯಾನುಗಳು ನೀರಿನ ಅಣುಗಳನ್ನು ಮೈಗೆ ಅಂಟಿಸಿಕೊಂಡು ಓಡಾಡುತ್ತವೆ, ಕಾಲುವೆಗೆ ಹೋಗಬೇಕಾದರೆ ಅದನ್ನು ಕಳಚಬೇಕು. ಕಾಲುವೆಯ ಒಳಗೋಡೆಯ ಆಮ್ಲಜನಕ ಪರಮಾಣುಗಳು ಪೊಟ್ಯಾಸಿಯಂಗೆ ಕಳಚಿದ ನೀರಿನ ಬದಲು ಸರಿಯಾದ ದೂರದಲ್ಲಿ ಸಿಗುತ್ತವೆ. ಚಿಕ್ಕ ಸೋಡಿಯಂಗೆ ಅವು ಎಟುಕುವುದಿಲ್ಲ, ಹಾಗಾಗಿ ಅದು ನೀರು ಬಿಟ್ಟುಕೊಟ್ಟು ಒಳಗೆ ಬರಲು ಒಪ್ಪುವುದಿಲ್ಲ. ನನಗೆ ಇಡೀ ಜೀವವಿಜ್ಞಾನದಲ್ಲಿ ತುಂಬಾ ಇಷ್ಟವಾದ ಉತ್ತರಗಳಲ್ಲಿ ಇದೂ ಒಂದು.

ನೀರಿನ ಓಡಾಟ ನಿಮಗೆಲ್ಲ ಅಡುಗೆಮನೆಯಿಂದ ಗೊತ್ತು. ಸೌತೆಕಾಯಿ ಕೋಸಂಬರಿಗೆ ಉಪ್ಪು ಮೊದಲೇ ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ಬಟ್ಟಲ ತಳದಲ್ಲಿ ನೀರು. ಉಪ್ಪು ಪೊರೆ ದಾಟಲಾರದು, ನೀರು ದಾಟಬಲ್ಲದು. ಹೊರಗೆ ಉಪ್ಪು ಜಾಸ್ತಿ ಆದಾಗ ನೀರು ಕೋಶ ಬಿಟ್ಟು ಹೊರಗೆ ಬರುತ್ತದೆ. ಅಭಿಸರಣೆ. ಮಂಡ್ಯದ ಬೆಲ್ಲ ಕೆಡದೆ ಉಳಿಯುವುದೂ ಇದರಿಂದಲೇ, ಮೇಲೆ ಬಿದ್ದ ಬ್ಯಾಕ್ಟೀರಿಯಾದ ಒಳಗಿನ ನೀರನ್ನು ಅದು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಬೆಲ್ಲ ನೀರೊಡೆದರೆ ಆ ರಕ್ಷಣೆ ಹೋಯಿತು.

ಇಲ್ಲಿಗೆ ನಾನು ಮೊದಲು ಹೇಳಿದ ವ್ಯತ್ಯಾಸದ ಮಾತಿಗೆ ಬಂದೆವು. ನಮ್ಮ ಕೋಶದೊಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗಿನದಕ್ಕಿಂತ ಸುಮಾರು 30 ಪಟ್ಟು. ಸೋಡಿಯಂ ತಿರುಗಾ ಮುರುಗಾ, ಹೊರಗೆ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು. ಸುಮ್ನೆ ಬಿಟ್ಟರೆ ನಿಧಾನವಾಗಿ ಸೋರಿ ಸಮ ಆಗುತ್ತದೆ. ಹಾಗಾಗದ ಹಾಗೆ ಪೊರೆಯಲ್ಲೊಂದು ಪಂಪು ಹಗಲೂ ರಾತ್ರಿ ಓಡುತ್ತಿರುತ್ತದೆ: ಒಂದು ಎಟಿಪಿ (ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು) ಖರ್ಚಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರದಲ್ಲಿ ಇದನ್ನು ಕಂಡುಹಿಡಿದರು. ಪ್ರಾಣಿಕೋಶಗಳು ಸುಮ್ಮನೆ ಇರುವಾಗ ಖರ್ಚು ಮಾಡುವ ಶಕ್ತಿಯಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ, ಮಿದುಳಿನಲ್ಲಂತೂ ಇನ್ನೂ ಜಾಸ್ತಿ. ನೀವು ಈಗ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದೀರಿ, ಬೆಳಿಗ್ಗೆ ತಿಂದ ಇಡ್ಲಿ ಮಾತ್ರ ಸೋಡಿಯಂ ಹೊರಗೆ ಹಾಕುವ ಕೆಲಸದಲ್ಲಿ ಕರಗುತ್ತಿದೆ.

ಈ ಅಯಾನುಗಳ ವ್ಯತ್ಯಾಸದಿಂದ ನರಕೋಶದ ಪೊರೆಯ ಆಚೆ ಈಚೆ ಸುಮಾರು 70 ಮಿಲಿವೋಲ್ಟ್ ಇರುತ್ತದೆ. ಇಷ್ಟೇನಾ ಅನ್ನಬೇಡಿ. 70 ಮಿಲಿವೋಲ್ಟ್ ಇರುವುದು 5 ನ್ಯಾನೊಮೀಟರ್ ದಪ್ಪಕ್ಕೆ. ಮೀಟರಿಗೆ ಲೆಕ್ಕ ಹಾಕಿದರೆ ಒಂದು ಕೋಟಿ 40 ಲಕ್ಷ ವೋಲ್ಟ್. ಒಣ ಗಾಳಿಯಲ್ಲಿ ಮೀಟರಿಗೆ 30 ಲಕ್ಷ ವೋಲ್ಟ್ ದಾಟಿದರೆ ಕಿಡಿ ಹಾರುತ್ತದೆ. ಅಂಥ ಒತ್ತಡವನ್ನು ಎರಡು ಪದರ ಜಿಡ್ಡು ತಡೆದುಕೊಂಡಿದೆ. ನರದಲ್ಲಿ ಸುದ್ದಿ ಹೋಗುವುದು ಅಂದರೆ ಸೋಡಿಯಂ ಕಾಲುವೆಗಳು ಒಂದು ಮಿಲಿಸೆಕೆಂಡಿನಷ್ಟು ಹೊತ್ತು ತೆರೆದು ಮುಚ್ಚುವುದು, ಅಷ್ಟೇ. ಹಲ್ಲಿನ ಡಾಕ್ಟರು ಕೊಡುವ ಲಿಗ್ನೊಕೇನ್ ಇಂಜೆಕ್ಷನ್ ಆ ಕಾಲುವೆಗಳನ್ನೇ ಕಟ್ಟಿಹಾಕುತ್ತದೆ, ನೋವಿನ ಸುದ್ದಿ ಮೇಲೆ ಹೋಗುವುದಿಲ್ಲ.

ಎಟಿಪಿ ಎಲ್ಲಿಂದ ಬರುತ್ತದೆ? ಅದೂ ಹೆಚ್ಚುಪಾಲು ಪೊರೆಯಿಂದಲೇ. ನಿಮ್ಮಲ್ಲಿ ಹೆಚ್ಚಿನವರು ಶಿವನಸಮುದ್ರ ನೋಡಿದ್ದೀರಿ. ಕಾವೇರಿ ಮೇಲಿನಿಂದ ಕೆಳಗೆ ಬೀಳುವ ಜಾಗದಲ್ಲಿ ಟರ್ಬೈನ್ ಇಟ್ಟು 1902ರಲ್ಲೇ ಕರೆಂಟ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಮೇಲೆ ಕೆಳಗೆ ಅನ್ನುವ ಎತ್ತರದ ವ್ಯತ್ಯಾಸ ಇಲ್ಲದಿದ್ದರೆ ಎಷ್ಟು ನೀರಿದ್ದರೂ ಟರ್ಬೈನ್ ತಿರುಗದು. ಕೋಶದೊಳಗೆ ಶಕ್ತಿ ತಯಾರಿಸುವ ಭಾಗ ಮೈಟೋಕಾಂಡ್ರಿಯಾ, ಅದರ ಒಳಪೊರೆಯಲ್ಲಿ ಇದೇ ವ್ಯವಸ್ಥೆ. ಊಟದಿಂದ ಬಂದ ಶಕ್ತಿಯಿಂದ ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು, ಪೊರೆಯ ಒಂದು ಕಡೆ ತಳ್ಳಿ ಇಟ್ಟುಕೊಳ್ಳುತ್ತದೆ. ಅವು ವಾಪಸ್ ಬರಲು ಒಂದೇ ಒಳ್ಳೆ ದಾರಿ, ಎಟಿಪಿ ಸಿಂಥೇಸ್ ಅನ್ನುವ ಪ್ರೋಟೀನಿನ ಮೂಲಕ. ಬರುವಾಗ ಅದರ ಒಂದು ಭಾಗವನ್ನು ತಿರುಗಿಸುತ್ತವೆ. ನಿಜವಾಗಿಯೂ ಗಿರಗಿರ ತಿರುಗುತ್ತದೆ, 1997ರಲ್ಲಿ ಜಪಾನಿನವರು ಅದಕ್ಕೊಂದು ಹೊಳೆಯುವ ಎಳೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೀವು ದಿನಕ್ಕೆ ತಯಾರಿಸಿ ಖರ್ಚು ಮಾಡುವ ಎಟಿಪಿಯನ್ನೆಲ್ಲ ಕೂಡಿದರೆ ಹತ್ತಿರ ಹತ್ತಿರ ನಿಮ್ಮ ತೂಕದಷ್ಟೇ ಆಗುತ್ತದೆ, ಅದೇ ಅಣುಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ಈ ಪೊರೆಯಲ್ಲಿ ತೂತು ಬಿದ್ದರೆ ಪ್ರೋಟಾನು ಸುಮ್ನೆ ಸೋರಿಹೋಗುತ್ತದೆ, ಎಟಿಪಿ ಇಲ್ಲ.

ಇದನ್ನು 1961ರಲ್ಲಿ ಹೇಳಿದ ಪೀಟರ್ ಮಿಚೆಲ್ ಅವರನ್ನು ಯಾರೂ ನಂಬಲಿಲ್ಲ. ಎಲ್ಲರೂ ಯಾವುದೋ ಒಂದು ರಾಸಾಯನಿಕ ವಸ್ತು ಹುಡುಕುತ್ತಿದ್ದರು, ಈತ ವಸ್ತು ಅಲ್ಲ, ಪೊರೆಯ ಎರಡು ಕಡೆಯ ವ್ಯತ್ಯಾಸ ನೋಡಿ ಅಂದ. ಆರೋಗ್ಯ ಕೆಟ್ಟು ಎಡಿನ್‌ಬರೋ ಕೆಲಸ ಬಿಟ್ಟು, ಕಾರ್ನ್‌ವಾಲ್‌ನಲ್ಲಿ ಪಾಳು ಬಿದ್ದ ದೊಡ್ಡ ಮನೆ ರಿಪೇರಿ ಮಾಡಿಸಿ ಅಲ್ಲೇ ಪ್ರಯೋಗಾಲಯ ಮಾಡಿಕೊಂಡರು. ವರ್ಷಗಟ್ಟಲೆ ಜಗಳ. 1978ರಲ್ಲಿ ನೊಬೆಲ್ ಬಂತು, ಒಬ್ಬರಿಗೇ.

ಹಿಂದೆ ಕೂತಿರುವ ತಾಯಿಯೊಬ್ಬರು ಚೀಟಿ ಕಳಿಸಿದ್ದಾರೆ: ಭೇದಿ ಆದಾಗ ಉಪ್ಪಿನ ಜೊತೆ ಸಕ್ಕರೆ ಯಾಕೆ? ಒಳ್ಳೆ ಪ್ರಶ್ನೆ. ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಇದೆ, ಅದು ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಒಟ್ಟಿಗೆ ಬಂದರೇನೇ ಒಳಗೆ ಬಿಡುವುದು. ಅವು ಹೋದರೆ ಹಿಂದೆ ನೀರೂ ಹೋಗುತ್ತದೆ. ರಾಬರ್ಟ್ ಕ್ರೇನ್ 1960ರಲ್ಲಿ ಈ ಜೋಡಿ ವಿಷಯ ಹೇಳಿದರು. ಕಾಲರಾದ ವಿಷ, ಕಲ್ಕತ್ತಾದ ಶಂಭುನಾಥ ಡೇ 1959ರಲ್ಲಿ ತೋರಿಸಿದ ವಿಷ, ಏನು ಮಾಡುತ್ತದೆ ಅಂದರೆ ಕರುಳಿನ ಕೋಶದ ಕ್ಲೋರೈಡ್ ಕಾಲುವೆಯನ್ನು ತೆರೆದೇ ಇಟ್ಟುಬಿಡುತ್ತದೆ, ಉಪ್ಪು ನೀರೆಲ್ಲ ಹೊರಗೆ. ಆದರೆ ಗ್ಲೂಕೋಸ್ ಜೋಡಿಯ ದಾರಿಗೆ ಅದು ಏನೂ ಮಾಡುವುದಿಲ್ಲ! ಬರೀ ಉಪ್ಪುನೀರು ಕುಡಿದರೆ ಒಳಗೆ ಹೋಗುವುದಿಲ್ಲ, ಸಕ್ಕರೆ ಸೇರಿಸಿದರೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ ಕಾಲರಾ ಬಂದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರ ಬಳಿ ಡ್ರಿಪ್ ಬಾಟಲಿ ಮುಗಿದುಹೋಗುವ ಸ್ಥಿತಿ. ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿಟ್ಟು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ಬೇಗ ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಮನೆಯಲ್ಲಿ ಮಾಡುವುದಾದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ಯಾಕೆಟ್ ಇದ್ದರೆ ಅದೇ ಒಳ್ಳೆಯದು, ಅದರ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಹಾಕಿ. ರುಚಿಗೆ ಅಂತ ಸಕ್ಕರೆ ಜಾಸ್ತಿ ಮಾಡಬೇಡಿ, ಕೂಲ್ ಡ್ರಿಂಕ್ಸ್ ಕೊಡಬೇಡಿ. ಕೋಸಂಬರಿಯಲ್ಲಿ ಉಪ್ಪು ಮಾಡಿದ ಕೆಲಸವನ್ನು ಕರುಳಿನಲ್ಲಿ ಜಾಸ್ತಿಯಾದ ಆ ಸಕ್ಕರೆ ಮಾಡುತ್ತದೆ, ನೀರನ್ನು ಹೊರಗೆಳೆಯುತ್ತದೆ.

ಇನ್ನೊಂದು ಪ್ರಶ್ನೆ ಪಾಂಡವಪುರದ ಕಡೆಯಿಂದ ಬಂದಿರುವ ಯಜಮಾನರದ್ದು. ಚೌಳು ಗದ್ದೆಯಲ್ಲಿ ನೀರು ನಿಂತಿದ್ದರೂ ಭತ್ತದ ಪೈರು ಯಾಕೆ ಸೊರಗುತ್ತದೆ? ಯಜಮಾನರೇ, ಇದರಲ್ಲಿ ಎರಡು ಪೆಟ್ಟು ಇದೆ. ಮೊದಲನೆಯದು, ಮಣ್ಣಿನ ನೀರಿನಲ್ಲಿ ಉಪ್ಪು ಜಾಸ್ತಿ ಆದಾಗ ಬೇರಿನ ಕೋಶಕ್ಕೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಕಾಲ ಕೆಳಗೆ ನೀರಿದ್ದೂ ಬಾಯಾರಿಕೆ. ಎರಡನೆಯದು, ಪೈರಿಗೆ ಬೇಕಾದ್ದು ಪೊಟ್ಯಾಸಿಯಂ, ಆದರೆ ಸುತ್ತ ಸೋಡಿಯಂ ಅಷ್ಟೊಂದು ಇರುವಾಗ ಅದೂ ಬೇರಿನ ಪೊರೆ ದಾಟಿ ನುಸುಳುತ್ತದೆ, ಒಳಗೆ ಪೊಟ್ಯಾಸಿಯಂ ಮಾಡಬೇಕಾದ ಕೆಲಸಗಳನ್ನು ಕೆಡಿಸುತ್ತದೆ. ಗಿಡಗಳಲ್ಲಿ ನಾನು ಹೇಳಿದ ಸೋಡಿಯಂ-ಪೊಟ್ಯಾಸಿಯಂ ಪಂಪು ಇಲ್ಲ. ಅವು ಪ್ರೋಟಾನು ಹೊರಗೆ ಹಾಕಿ, ಆ ಪ್ರೋಟಾನು ವಾಪಸ್ ಬರುವ ರಭಸದಲ್ಲಿ ಸೋಡಿಯಂ ಆಚೆ ಕಳಿಸುತ್ತವೆ, ಇಲ್ಲ ರಸದಾನಿಯಲ್ಲಿ ಕೂಡಿಹಾಕುತ್ತವೆ. ಚೌಳು ತಡೆಯುವ ತಳಿಗಳಲ್ಲಿ ಇಂಥ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ.

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ತಗ್ಗು ಗದ್ದೆಗಳಲ್ಲಿ ನೀರು ಬಸಿಯದೆ ಅಂತರ್ಜಲ ಮೇಲೆ ಬಂದು, ಆವಿಯಾಗಿ, ಉಪ್ಪು ಮಣ್ಣಿನ ಮೇಲೇ ಉಳಿಯುತ್ತದೆ. ಜಿಪ್ಸಂ ಹಾಕಿ ಅನ್ನುವುದು ಸೋಡಿಯಂ ಮಣ್ಣಿಗೆ ಅಂಟಿರುವ ಕ್ಷಾರ ಭೂಮಿಗೆ. ಅದರ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸುತ್ತದೆ, ಬೇರಿನ ಪೊರೆಗೂ ಕ್ಯಾಲ್ಸಿಯಂ ಬೇಕು, ಅದಿದ್ದರೆ ಪೊರೆ ಸೋಡಿಯಂ, ಪೊಟ್ಯಾಸಿಯಂ ನಡುವೆ ಆರಿಸುವ ಶಕ್ತಿ ಉಳಿಸಿಕೊಳ್ಳುತ್ತದೆ. ಆದರೆ ಬಿಟ್ಟುಕೊಂಡ ಸೋಡಿಯಂ ಬಸಿದು ಹೋಗಲು ದಾರಿ ಬೇಕು. ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಂ ಚೆಲ್ಲಿದರೆ ದುಡ್ಡು ದಂಡ. ನಿಮ್ಮದು ಉಪ್ಪಿನ ಚೌಳೋ ಕ್ಷಾರದ್ದೋ ಅಂತ ಮಣ್ಣು ಪರೀಕ್ಷೆ ಮಾಡಿಸದೆ ಹೇಳಲು ಬರುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆಯಲ್ಲ, ಮಣ್ಣು ತೆಗೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿ, ಎಲ್ಲಿಂದ, ಎಷ್ಟು ಆಳದಿಂದ ತೆಗೆಯಬೇಕು ಅಂತ.